ಬೇಲಿಯೇ ಎದ್ದು ಹೊಲ ಮೇಯ್ದಾಗ: ಒಂದು ಸರ್ಕಾರಿ ಲಾಟರಿಯಿಂದ ಕಲಿಯುವ ಪಾಠ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಹಣ ತೆಗೆದುಕೊಳ್ಳುವವನೇ ಲೆಕ್ಕ ಬರೆಯಬಾರದು. ಲೆಕ್ಕ ಬರೆಯುವವನೇ ಅದನ್ನು ಪರಿಶೀಲಿಸಬಾರದು. ವಾಣಿಜ್ಯ ವಿಭಾಗದವರಿಗೆಲ್ಲ ಈ ಮಾತು ಗೊತ್ತು. ಇದನ್ನು ಆಂತರಿಕ ತಪಾಸಣೆ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ಪರೀಕ್ಷೆಗಾಗಿ ಎರಡು ಸಾಲಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತೇವೆ. ಈ ನಿಯಮವನ್ನು ಒಂದು ದೊಡ್ಡ ಸಂಸ್ಥೆ ಮರೆತಾಗ ಏನಾಯಿತು ಎಂಬುದನ್ನು ಓದಿದ ಮೇಲೆ ಇದು ಬರೀ ಎರಡು ಸಾಲಿನ ವಿಷಯವಲ್ಲ ಎಂದು ನನಗೆ ಅನ್ನಿಸಿತು. ಆದ್ದರಿಂದ ಈ ಲೇಖನ.

ಆ ಸಂಸ್ಥೆ ನಡೆಸುತ್ತಿದ್ದುದು ಲಾಟರಿ. 'ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಲಾಟರಿ ವಿಷಯವೇ?' ಎಂದು ಕೆಲವರು ಕೇಳಬಹುದು. ನಮ್ಮ ಮನೆಯಲ್ಲೂ ಲಾಟರಿ ಹರಾಮ್, ಅದರ ಟಿಕೆಟ್ ಯಾರೂ ಕೊಳ್ಳುವುದಿಲ್ಲ. ನಾನು ಬರೆಯುತ್ತಿರುವುದು ಲಾಟರಿ ಆಡುವುದರ ಬಗ್ಗೆ ಅಲ್ಲ. ಸಾವಿರಾರು ಜನರ ಹಣವನ್ನು ಒಬ್ಬರ ಕೈಗೆ ಒಪ್ಪಿಸಿದಾಗ ಆ ಕೈಯನ್ನು ನೋಡಿಕೊಳ್ಳುವವರು ಯಾರು ಎಂಬುದರ ಬಗ್ಗೆ. ಈ ಪ್ರಶ್ನೆ ಬ್ಯಾಂಕಿಗೂ, ಸಹಕಾರ ಸಂಘಕ್ಕೂ, ಜಮಾತಿಗೂ, ಕಾಲೇಜಿನ ಪ್ರವಾಸದ ಹಣಕ್ಕೂ ಅನ್ವಯಿಸುತ್ತದೆ.

ಡ್ರಾ ನಡೆಯುತ್ತಿದ್ದುದು ಹೇಗೆ?

ಅಮೆರಿಕದಲ್ಲಿ ಅನೇಕ ರಾಜ್ಯ ಸರ್ಕಾರಗಳು ತಮ್ಮದೇ ಲಾಟರಿ ನಡೆಸುತ್ತವೆ. ಬಂದ ಲಾಭ ಸರ್ಕಾರದ ಕೆಲಸಗಳಿಗೆ ಹೋಗುತ್ತದೆ. ಹಲವು ರಾಜ್ಯಗಳ ಲಾಟರಿಗಳು ಸೇರಿ 1987ರಲ್ಲಿ ಒಂದು ಸಂಘ ಮಾಡಿಕೊಂಡವು. ಅದರ ಹೆಸರು ಮಲ್ಟಿ-ಸ್ಟೇಟ್ ಲಾಟರಿ ಅಸೋಸಿಯೇಷನ್. ಅದರ ಕಚೇರಿ ಇರುವುದು ಅಯೋವಾ ರಾಜ್ಯದಲ್ಲಿ. ಪ್ರಸಿದ್ಧವಾದ ಪವರ್‌ಬಾಲ್ ಲಾಟರಿಯನ್ನು ನಡೆಸುವುದೂ ಇದೇ ಸಂಘ. ಹಾಟ್ ಲೊಟ್ಟೊ ಎಂಬ ಇನ್ನೊಂದು ಆಟವೂ ಆಗ ಅದರ ಬಳಿ ಇತ್ತು.

ಹಾಟ್ ಲೊಟ್ಟೊದಲ್ಲಿ ಆಗ 39 ಸಂಖ್ಯೆಗಳಲ್ಲಿ 5ನ್ನು, ಮತ್ತೆ ಬೇರೆ 19 ಸಂಖ್ಯೆಗಳಲ್ಲಿ 1ನ್ನು ಸರಿಯಾಗಿ ಊಹಿಸಬೇಕಿತ್ತು. 39ರಲ್ಲಿ 5ನ್ನು ಆರಿಸಲು 5,75,757 ವಿಧಗಳಿವೆ. ಅದನ್ನು 19ರಿಂದ ಗುಣಿಸಿದರೆ 1,09,39,383 ಆಗುತ್ತದೆ. ಅಂದರೆ ಒಂದು ಟಿಕೆಟ್‌ಗೆ ದೊಡ್ಡ ಬಹುಮಾನ ಬರುವ ಸಾಧ್ಯತೆ ಒಂದು ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ.

ಈ ಸಂಖ್ಯೆಗಳನ್ನು ಆರಿಸುತ್ತಿದ್ದುದು ಚೆಂಡುಗಳಲ್ಲ, ಕಂಪ್ಯೂಟರ್. ಕಂಪ್ಯೂಟರ್ ತಾನೇ ತಾನಾಗಿ 'ಮನಸ್ಸಿಗೆ ಬಂದ' ಸಂಖ್ಯೆ ಹೇಳಲಾರದು. ಅದಕ್ಕೆ ಮೊದಲು ಒಂದು ಸಂಖ್ಯೆಯನ್ನು ಬೀಜದಂತೆ ಕೊಡಬೇಕು. ಆ ಬೀಜದಿಂದ ಅದು ಲೆಕ್ಕ ಮಾಡಿ ಉಳಿದ ಸಂಖ್ಯೆಗಳನ್ನು ಕೊಡುತ್ತದೆ. ಬೀಜ ಯಾವುದೆಂದು ಗೊತ್ತಿದ್ದರೆ ಬೆಳೆ ಯಾವುದೆಂದೂ ಗೊತ್ತಾಗುತ್ತದೆ. ಹೀಗಾಗಿ ಈ ಬೀಜವನ್ನು ಯಾರೂ ಊಹಿಸಲಾಗದ ಕಡೆಯಿಂದ ತರುತ್ತಿದ್ದರು. ಯಂತ್ರಕ್ಕೆ ವಿಕಿರಣವನ್ನು ಅಳೆಯುವ ಗೈಗರ್ ಕೌಂಟರ್ ಜೋಡಿಸಿ, ಅದರ ಅಳತೆಯಿಂದ ಬೀಜ ಪಡೆಯುತ್ತಿದ್ದರು. ಯಂತ್ರಗಳು ಬೀಗ ಹಾಕಿದ ಗಾಜಿನ ಕೋಣೆಯಲ್ಲಿದ್ದವು, ಕ್ಯಾಮೆರಾಗಳೂ ಇದ್ದವು. ಸಂಘದ ನೌಕರರು ಟಿಕೆಟ್ ಕೊಳ್ಳುವಂತಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಭದ್ರವಾಗಿತ್ತು.

ಬೀಗವೂ ಅವನದೇ, ಕೀಲಿಯೂ ಅವನದೇ

ಎಡ್ಡಿ ಟಿಪ್ಟನ್ ಎಂಬಾತ 2003ರಲ್ಲಿ ಈ ಸಂಘಕ್ಕೆ ಕೆಲಸಕ್ಕೆ ಸೇರಿದ. ಸಂಖ್ಯೆ ಆರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಅವನದಾಯಿತು. ಮುಂದೆ ಅವನೇ ಸಂಘದ ಮಾಹಿತಿ ಭದ್ರತಾ ನಿರ್ದೇಶಕನೂ ಆದ. ಸ್ನೇಹಿತರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಯಂತ್ರಕ್ಕೆ ಪ್ರೋಗ್ರಾಂ ಬರೆದವನಿಗೇ ಆ ಯಂತ್ರವನ್ನು ಕಾಯುವ ಕೆಲಸ ಕೊಟ್ಟರು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳಿದರೆ ಖಜಾಂಚಿಯನ್ನೇ ಲೆಕ್ಕ ಪರಿಶೋಧಕನನ್ನಾಗಿ ಮಾಡಿದ ಹಾಗಾಯಿತು.

ಟಿಪ್ಟನ್ ತನ್ನ ಪ್ರೋಗ್ರಾಂನಲ್ಲಿ ಕೆಲವು ಸಾಲುಗಳನ್ನು ಗುಟ್ಟಾಗಿ ಸೇರಿಸಿದ್ದ. ಆ ಸಾಲುಗಳು ವರ್ಷದಲ್ಲಿ ಮೂರು ದಿನ ಮಾತ್ರ ಕೆಲಸ ಮಾಡುತ್ತಿದ್ದವು: ಮೇ 27, ನವೆಂಬರ್ 23 ಮತ್ತು ಡಿಸೆಂಬರ್ 29. ಅದೂ ಆ ದಿನ ಬುಧವಾರ ಅಥವಾ ಶನಿವಾರ ಆಗಿರಬೇಕು, ಸಮಯ ರಾತ್ರಿ 8 ಗಂಟೆ ದಾಟಿರಬೇಕು. ಈ ಷರತ್ತುಗಳೆಲ್ಲ ಕೂಡಿದಾಗ ಯಂತ್ರ ಗೈಗರ್ ಕೌಂಟರಿನ ಬೀಜವನ್ನು ಬಿಟ್ಟು, ಟಿಪ್ಟನ್‌ಗೆ ಮೊದಲೇ ಲೆಕ್ಕ ಮಾಡಲು ಬರುವಂಥ ಬೀಜವನ್ನು ತೆಗೆದುಕೊಳ್ಳುತ್ತಿತ್ತು. ಆಗ ಲಕ್ಷಗಟ್ಟಲೆ ಸಾಧ್ಯತೆಗಳು ಕೆಲವೇ ನೂರಕ್ಕೆ ಇಳಿಯುತ್ತಿದ್ದವು. ಕೆಲವು ನೂರು ಟಿಕೆಟ್ ಕೊಂಡರೆ ಸಾಕಿತ್ತು.

ಉಳಿದ ಎಲ್ಲ ದಿನವೂ ಯಂತ್ರ ಪ್ರಾಮಾಣಿಕವಾಗಿಯೇ ಇರುತ್ತಿತ್ತು. ಆದ್ದರಿಂದ ಬೇರೆ ದಿನ ಅದನ್ನು ಓಡಿಸಿ ಪರೀಕ್ಷಿಸಿದವರಿಗೆ ಯಾವ ದೋಷವೂ ಕಾಣುವಂತಿರಲಿಲ್ಲ. ಅನೇಕ ವರ್ಷ ಯಾರಿಗೂ ಸಂಶಯ ಬರಲಿಲ್ಲ.

ಸಿಕ್ಕಿಬಿದ್ದದ್ದು ಹೇಗೆ?

2010ರ ಡಿಸೆಂಬರ್ 23ರಂದು ಅಯೋವಾದ ಡೆಸ್ ಮೊಯಿನ್ಸ್ ನಗರದ ಒಂದು ಪೆಟ್ರೋಲ್ ಬಂಕ್ ಅಂಗಡಿಯಲ್ಲಿ ಒಬ್ಬ ವ್ಯಕ್ತಿ ಹಾಟ್ ಲೊಟ್ಟೊ ಟಿಕೆಟ್ ಕೊಂಡ. ಡಿಸೆಂಬರ್ 29ರ ಡ್ರಾದಲ್ಲಿ ಆ ಟಿಕೆಟ್‌ಗೆ ಬಹುಮಾನ ಬಂತು. ಬಹುಮಾನದ ಮೊತ್ತ ಸುಮಾರು 1 ಕೋಟಿ 65 ಲಕ್ಷ ಡಾಲರ್. ಆದರೆ ಹಣ ಕೇಳಲು ಯಾರೂ ಬರಲಿಲ್ಲ. ಬಹುಮಾನ ಪಡೆಯಲು ಒಂದು ವರ್ಷದ ಗಡುವು ಇತ್ತು.

ಸುಮಾರು ಹನ್ನೊಂದು ತಿಂಗಳ ನಂತರ ಕೆನಡಾದಿಂದ ಒಬ್ಬ ಫೋನ್ ಮಾಡಿ, ಟಿಕೆಟ್ ತನ್ನದೆಂದ. ಟಿಕೆಟ್‌ನ ಉದ್ದನೆಯ ಕ್ರಮಸಂಖ್ಯೆಯನ್ನೂ ಸರಿಯಾಗಿ ಹೇಳಿದ. ಆಗ ಅಯೋವಾ ಲಾಟರಿಯವರು ಒಂದು ಸರಳ ಪ್ರಶ್ನೆ ಕೇಳಿದರು: 'ಟಿಕೆಟ್ ಕೊಳ್ಳುವಾಗ ಯಾವ ಬಟ್ಟೆ ಹಾಕಿದ್ದಿರಿ?' ಅವನು ಹೇಳಿದ್ದಕ್ಕೂ ಅಂಗಡಿಯ ಕ್ಯಾಮೆರಾದಲ್ಲಿ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಕೊನೆಗೆ ಗಡುವು ಮುಗಿಯಲು ಎರಡು ಗಂಟೆಗಿಂತ ಕಡಿಮೆ ಸಮಯ ಉಳಿದಿದ್ದಾಗ, ಬೆಲೀಜ್ ದೇಶದ ಒಂದು ಟ್ರಸ್ಟ್ ಹೆಸರಿನಲ್ಲಿ ನ್ಯೂಯಾರ್ಕಿನ ವಕೀಲರೊಬ್ಬರ ಮೂಲಕ ಟಿಕೆಟ್ ಬಂತು. ನಿಜವಾದ ಮಾಲೀಕ ಯಾರೆಂದು ಹೇಳಲು ಅವರು ಸಿದ್ಧರಿರಲಿಲ್ಲ. ಟಿಕೆಟ್ ಅಸಲಿ, ಸಂಖ್ಯೆಗಳು ಸರಿ. ಆದರೂ ಅಯೋವಾ ಲಾಟರಿ ಹಣ ಕೊಡಲಿಲ್ಲ. ಟಿಕೆಟ್ ಯಾರು ಕೊಂಡರು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ತಿಳಿಯದೆ ಹಣ ಕೊಡುವುದಿಲ್ಲ ಎಂದಿತು. 2012ರ ಜನವರಿಯಲ್ಲಿ ಆ ಬೇಡಿಕೆಯನ್ನೇ ಹಿಂದಕ್ಕೆ ತೆಗೆದುಕೊಂಡರು. ಇಷ್ಟು ದೊಡ್ಡ ಬಹುಮಾನವನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ತನಿಖೆ ಗಟ್ಟಿಯಾಯಿತು.

2014ರ ಅಕ್ಟೋಬರ್‌ನಲ್ಲಿ ತನಿಖಾಧಿಕಾರಿಗಳು ಅಂಗಡಿಯ ವಿಡಿಯೊವನ್ನು ಸಾರ್ವಜನಿಕರ ಮುಂದಿಟ್ಟರು. ಅದರಲ್ಲಿ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ಧ್ವನಿ ಕೇಳುತ್ತಿತ್ತು. ಟಿಪ್ಟನ್ ಜೊತೆ ಕೆಲಸ ಮಾಡಿದವರು ಆ ಧ್ವನಿಯನ್ನು ಗುರುತಿಸಿದರು. 2015ರ ಜನವರಿಯಲ್ಲಿ ಅವನ ಬಂಧನವಾಯಿತು, ಜುಲೈಯಲ್ಲಿ ಅವನು ಅಪರಾಧಿ ಎಂದು ತೀರ್ಮಾನವಾಯಿತು.

ಆ ಮೇಲೆ ಹಳೆಯ ಡ್ರಾಗಳನ್ನೂ ಕೆದಕಿದರು. 2005ರ ನವೆಂಬರ್ 23ರಂದು ಕೊಲೊರಾಡೊದಲ್ಲಿ, 2007ರ ಡಿಸೆಂಬರ್ 29ರಂದು ವಿಸ್ಕಾನ್ಸಿನ್‌ನಲ್ಲಿ, 2010ರ ಡಿಸೆಂಬರ್ 29ರಂದು ಕ್ಯಾನ್ಸಸ್‌ನಲ್ಲಿ, 2011ರ ನವೆಂಬರ್ 23ರಂದು ಒಕ್ಲಹೋಮಾದಲ್ಲಿ ಬಹುಮಾನಗಳು ಟಿಪ್ಟನ್‌ನ ಸಂಬಂಧಿಕರು ಮತ್ತು ಸ್ನೇಹಿತರ ಬಳಗಕ್ಕೆ ಹೋಗಿದ್ದವು. ದಿನಾಂಕಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಬೇರೆ ಬೇರೆ ರಾಜ್ಯಗಳ ಕಡತಗಳಲ್ಲಿ ಅವು ಸುಮ್ಮನೆ ಮಲಗಿದ್ದವು. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ವಿಸ್ಕಾನ್ಸಿನ್‌ನ ಹಳೆಯ ಯಂತ್ರ ಇನ್ನೂ ಉಳಿದಿತ್ತು. ತಜ್ಞರು ಅದನ್ನು ಬಿಚ್ಚಿ ನೋಡಿದಾಗ ಆ ಗುಪ್ತ ಸಾಲುಗಳು ಸಿಕ್ಕವು. 2017ರಲ್ಲಿ ಟಿಪ್ಟನ್ ತಪ್ಪೊಪ್ಪಿಕೊಂಡ. ನ್ಯಾಯಾಲಯ ಗರಿಷ್ಠ 25 ವರ್ಷಗಳ ಜೈಲು ಶಿಕ್ಷೆ ವಿಧಿಸಿ, ಸುಮಾರು 22 ಲಕ್ಷ ಡಾಲರ್ ಹಿಂದಿರುಗಿಸಬೇಕೆಂದು ಹೇಳಿತು.

ಹಿನ್ನೆಲೆ ಪರಿಶೀಲನೆ ಮಾಡಿದ್ದರೆ ಸಾಕಿತ್ತೇ?

ಈ ಪ್ರಕರಣ ಹೊರಗೆ ಬಂದಾಗ ಇನ್ನೊಂದು ಸಂಗತಿಯೂ ಸುದ್ದಿಯಾಯಿತು. ಟಿಪ್ಟನ್ ಮೇಲೆ 1982ರಲ್ಲಿ ಟೆಕ್ಸಾಸ್‌ನಲ್ಲಿ ಕಳ್ಳತನಕ್ಕಾಗಿ ಶಿಕ್ಷೆಯಾಗಿತ್ತು. 'ಇಂಥವನನ್ನು ಭದ್ರತಾ ವಿಭಾಗಕ್ಕೆ ಹೇಗೆ ತೆಗೆದುಕೊಂಡರು?' ಎಂದು ಜನ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕೋಟಿಗಟ್ಟಲೆ ಹಣದ ಕೆಲಸಕ್ಕೆ ತೆಗೆದುಕೊಳ್ಳುವಾಗ ಹಿಂದಿನ ದಾಖಲೆ ನೋಡಲೇಬೇಕು.

ಆದರೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ನನಗನ್ನಿಸುತ್ತದೆ. ಒಂದು ಮಾತು, ಆ ಶಿಕ್ಷೆಗೂ ಕೆಲಸಕ್ಕೂ ನಡುವೆ 21 ವರ್ಷಗಳ ಅಂತರವಿತ್ತು. ಚಿಕ್ಕ ವಯಸ್ಸಿನಲ್ಲಿ ತಪ್ಪು ಮಾಡಿ ನಂತರ ಸರಿಯಾಗಿ ಬದುಕಿದವರು ಬಹಳ ಜನ ಇದ್ದಾರೆ. ಅವರಿಗೆಲ್ಲ ಬಾಗಿಲು ಮುಚ್ಚಿದರೆ ಅದೂ ಅನ್ಯಾಯ. ಇನ್ನೊಂದು ಮಾತು, ದಾಖಲೆ ಶುದ್ಧವಾಗಿದ್ದ ಮಾತ್ರಕ್ಕೆ ಮನುಷ್ಯ ಮುಂದೆಯೂ ಶುದ್ಧವಾಗಿರುತ್ತಾನೆ ಎಂದು ಹೇಳಲಾಗದು. ಕೊಲೊರಾಡೊ ಬಹುಮಾನದಲ್ಲಿ ಪಾಲುಗಾರನಾಗಿದ್ದ ಟಿಪ್ಟನ್‌ನ ಸಹೋದರ ಟೆಕ್ಸಾಸ್‌ನಲ್ಲಿ ಸ್ಥಳೀಯ ನ್ಯಾಯಾಧಿಕಾರಿಯಾಗಿ ಕೆಲಸ ಮಾಡಿದವನು!

ಹಿನ್ನೆಲೆ ಪರಿಶೀಲನೆ ಎಂದರೆ ಏನೆಂದು ನಮ್ಮ ಮನೆಯವರೂ ನೋಡಿದ್ದಾರೆ. ನನ್ನ ಮಾಮೂವಿನ ಮಗನಿಗೆ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅವನ ಅಂಕಪಟ್ಟಿಯಲ್ಲಿ 'ಮೊಹಮ್ಮದ್' ಎಂದಿದೆ, ಆಧಾರ್‌ನಲ್ಲಿ 'ಮಹಮ್ಮದ್' ಎಂದಿದೆ. ನಮ್ಮ ಉರ್ದು ಹೆಸರುಗಳನ್ನು ಒಂದೊಂದು ಕಚೇರಿಯಲ್ಲಿ ಒಂದೊಂದು ರೀತಿ ಬರೆಯುತ್ತಾರೆ. ನಿಮ್ಮಲ್ಲೂ ಅನೇಕರಿಗೆ ಇದರ ಅನುಭವ ಇರಬಹುದು. ಈ ಒಂದು ಅಕ್ಷರಕ್ಕಾಗಿ ಅವನ ಪರಿಶೀಲನೆ ಎರಡು ತಿಂಗಳು ನಿಂತಿತು. ನೋಟರಿ, ಅಫಿಡವಿಟ್ ಎಂದು ಓಡಾಡಿದ. ಆ ಎರಡು ತಿಂಗಳು ಅವನಿಗೆ ಸಂಬಳವಿಲ್ಲ, ಮನೆಯಲ್ಲಿ ಎಲ್ಲರಿಗೂ ಚಿಂತೆ. ಕೊನೆಗೆ ಕೆಲಸಕ್ಕೆ ಸೇರಿದ. ಪರಿಶೀಲನೆ ಬೇಡ ಎಂದು ನಾನು ಹೇಳುತ್ತಿಲ್ಲ. ಹೆಸರಿನ ಒಂದು ಅಕ್ಷರವನ್ನು ಇಷ್ಟು ಗಟ್ಟಿಯಾಗಿ ಹಿಡಿಯುವ ವ್ಯವಸ್ಥೆ, ಕೆಲಸಕ್ಕೆ ಸೇರಿದ ಮೇಲೆ ಯಾರ ಕೈಗೆ ಯಾವ ಕೀಲಿ ಹೋಯಿತು ಎಂದೂ ಅಷ್ಟೇ ಗಟ್ಟಿಯಾಗಿ ನೋಡಬೇಕು. ಹಿನ್ನೆಲೆ ಪರಿಶೀಲನೆ ನಿನ್ನೆಯ ಬಗ್ಗೆ ಹೇಳುತ್ತದೆ. ಕಳ್ಳತನ ನಡೆಯುವುದು ಇವತ್ತು.

ಇನ್ನೆರಡು ಉದಾಹರಣೆಗಳು

ಕಂಪ್ಯೂಟರ್ ಇದ್ದದ್ದರಿಂದ ಮೋಸವಾಯಿತು ಎಂದು ಯಾರೂ ಭಾವಿಸಬಾರದು. 1980ರ ಏಪ್ರಿಲ್ 24ರಂದು ಪೆನ್ಸಿಲ್ವೇನಿಯಾ ರಾಜ್ಯದ ಲಾಟರಿ ಡ್ರಾ ಟಿವಿಯಲ್ಲಿ ನೇರವಾಗಿ ಪ್ರಸಾರವಾಯಿತು. ಗಾಳಿಯಲ್ಲಿ ಹಾರಾಡುವ ಚೆಂಡುಗಳಿಂದ ಮೂರು ಅಂಕಿ ಆರಿಸುವ ಆಟ ಅದು. ಕಾರ್ಯಕ್ರಮ ನಡೆಸುತ್ತಿದ್ದ ನಿಕ್ ಪೆರಿ ಮತ್ತು ಅವನ ಜೊತೆಗಾರರು 4 ಮತ್ತು 6ನ್ನು ಬಿಟ್ಟು ಉಳಿದ ಚೆಂಡುಗಳೊಳಗೆ ಬಣ್ಣ ತುಂಬಿ ಭಾರ ಮಾಡಿದ್ದರು. ಭಾರದ ಚೆಂಡು ಮೇಲೆ ಬರುವುದಿಲ್ಲ. ಮೂರು ಸ್ಥಾನಕ್ಕೆ 4 ಅಥವಾ 6 ಮಾತ್ರ ಬರಬಹುದಾದರೆ ಒಟ್ಟು ಸಾಧ್ಯತೆಗಳು ಎಂಟೇ. ಅವನ್ನೆಲ್ಲ ಅವರ ಕಡೆಯವರು ಮೊದಲೇ ಕೊಂಡಿದ್ದರು. ಬಂದ ಸಂಖ್ಯೆ 666. ಯಂತ್ರ ಮತ್ತು ಚೆಂಡುಗಳನ್ನು ಕಾಯಬೇಕಿದ್ದ ಲಾಟರಿ ಅಧಿಕಾರಿಯೂ ಈ ಪ್ರಕರಣದಲ್ಲಿ ಶಿಕ್ಷೆಗೆ ಒಳಗಾದ. ಎಲ್ಲರ ಕಣ್ಣ ಮುಂದೆ ಡ್ರಾ ನಡೆಯಿತು, ಆದರೆ ಡ್ರಾ ನಡೆಯುವ ಮುಂಚೆ ಚೆಂಡುಗಳ ಹತ್ತಿರ ಯಾರಿದ್ದರು ಎಂದು ಯಾರೂ ನೋಡಲಿಲ್ಲ.

ಎರಡನೆಯದು ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು. 2001ರಲ್ಲಿ ಒಬ್ಬ ವೃದ್ಧರು ತಮ್ಮ ಟಿಕೆಟ್ ತೋರಿಸಲು ಅಂಗಡಿಗೆ ಹೋದರು. ಅದಕ್ಕೆ 2,50,000 ಡಾಲರ್ ಬಹುಮಾನ ಬಂದಿತ್ತು. ಅಂಗಡಿಯವರು ಆ ಟಿಕೆಟನ್ನು ತಾವೇ ಇಟ್ಟುಕೊಂಡು ಹಣ ಪಡೆದರು. ವೃದ್ಧರು ದೂರು ಕೊಟ್ಟರೆ, ಸರ್ಕಾರಿ ಲಾಟರಿ ನಿಗಮ ಅವರ ವಿರುದ್ಧವೇ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ವಾದಿಸಿತು. 2006ರಲ್ಲಿ ಟಿವಿ ಕಾರ್ಯಕ್ರಮವೊಂದು ಈ ವಿಷಯ ಎತ್ತಿತು. ಟೊರೊಂಟೊ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಜೆಫ್ರಿ ರೋಸೆಂತಾಲ್ ಲೆಕ್ಕ ಹಾಕಿ, ಅಂಗಡಿಯವರು ಮತ್ತು ಅವರ ನೌಕರರು ದೊಡ್ಡ ಬಹುಮಾನಗಳನ್ನು ಗೆದ್ದಿರುವುದು ಬರೀ ಅದೃಷ್ಟದಿಂದ ಆಗಬಹುದಾದುದಕ್ಕಿಂತ ಬಹಳ ಹೆಚ್ಚು ಎಂದು ತೋರಿಸಿದರು. 2007ರಲ್ಲಿ ಪ್ರಾಂತ್ಯದ ಲೋಕಪಾಲ ಆಂಡ್ರೆ ಮರಿನ್ ವರದಿ ಕೊಟ್ಟು, ನಿಗಮ ತನ್ನ ಲಾಭ ನೋಡಿತೇ ಹೊರತು ಗ್ರಾಹಕರನ್ನು ರಕ್ಷಿಸಲಿಲ್ಲ ಎಂದು ಟೀಕಿಸಿದರು. ಆ ನಂತರ ಟಿಕೆಟ್ ಮಾರುವವರ ನೋಂದಣಿ ಮತ್ತು ಪರಿಶೀಲನೆಯ ಕೆಲಸವನ್ನು ಲಾಟರಿ ನಡೆಸುವವರಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಇಲ್ಲೂ ಅದೇ ಪಾಠ: ನಡೆಸುವವರು ಬೇರೆ, ನೋಡುವವರು ಬೇರೆ ಇರಬೇಕು.

ಬೀಸಿ ಹೇಳುವ ಪಾಠ

ಇಷ್ಟು ದೊಡ್ಡ ಸಂಸ್ಥೆಗಳು ಮರೆತದ್ದನ್ನು ನಮ್ಮ ಗಲ್ಲಿಯ ಹೆಂಗಸರು ಮರೆತಿಲ್ಲ. ಅಮ್ಮಿ ಮತ್ತು ಅಕ್ಕಪಕ್ಕದ ಹನ್ನೊಂದು ಜನ ಸೇರಿ ಬೀಸಿ ನಡೆಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಚೀಟಿ ಎನ್ನುತ್ತೇವೆ. ಇದರಲ್ಲಿ ಜೂಜಿಲ್ಲ, ಯಾರ ಹಣವೂ ಹೋಗುವುದಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ತಿಂಗಳು ಒಟ್ಟು ಹಣ ಸಿಗುತ್ತದೆ, ಯಾರಿಗೆ ಯಾವಾಗ ಎಂಬುದನ್ನು ಮಾತ್ರ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಹಣ ಎಣಿಸುವವರು ಒಬ್ಬರು, ನೋಟ್‌ಬುಕ್‌ನಲ್ಲಿ ಬರೆಯುವವರು ಇನ್ನೊಬ್ಬರು. ಹೆಸರುಗಳನ್ನು ಎಲ್ಲರ ಎದುರು ಬರೆದು ಮಡಚಿ ಡಬ್ಬಕ್ಕೆ ಹಾಕುತ್ತಾರೆ. ಎತ್ತುವುದು ಓದಲು ಬಾರದ ಚಿಕ್ಕ ಮಗು. ಎತ್ತಿದ ಮೇಲೆ ಉಳಿದ ಚೀಟಿಗಳನ್ನೂ ಬಿಡಿಸಿ ತೋರಿಸುತ್ತಾರೆ. ಎಲ್ಲ ಚೀಟಿಯಲ್ಲೂ ಒಂದೇ ಹೆಸರು ಬರೆದಿಲ್ಲ ಎಂದು ಎಲ್ಲರಿಗೂ ಗೊತ್ತಾಗಬೇಕಲ್ಲ!

ಇವರು ಯಾರೂ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದವರಲ್ಲ. ಒಬ್ಬರ ಮನೆಯ ಮಕ್ಕಳನ್ನು ಇನ್ನೊಬ್ಬರು ಸಾಕಿದಷ್ಟು ಹತ್ತಿರದವರು. ಆದರೂ ಚೀಟಿ ಬಿಡಿಸಿ ತೋರಿಸುತ್ತಾರೆ. ಯಾರಿಗೂ ಅದರಿಂದ ಬೇಸರವಿಲ್ಲ.

ನಾವು ನೆನಪಿಡಬೇಕಾದದ್ದು

ಮೇಲಿನ ಪ್ರಕರಣಗಳಿಂದ ನನಗೆ ತಿಳಿದ ಅಂಶಗಳು ಇವು.

1. ಮಾಡುವವನು, ಕಾಯುವವನು, ಪರೀಕ್ಷಿಸುವವನು ಬೇರೆ ಬೇರೆಯವರಾಗಿರಬೇಕು.

2. ಮುಖ್ಯವಾದ ಕೋಣೆಗೆ, ಪೆಟ್ಟಿಗೆಗೆ, ಕಂಪ್ಯೂಟರ್‌ಗೆ ಒಬ್ಬನೇ ಹೋಗಬಾರದು. ಇಬ್ಬರು ಇರಬೇಕು, ಹೋದದ್ದು ದಾಖಲಾಗಬೇಕು.

3. ಹಿನ್ನೆಲೆ ಪರಿಶೀಲನೆ ಕೆಲಸಕ್ಕೆ ಸೇರುವಾಗ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಹುದ್ದೆ ದೊಡ್ಡದಾದಂತೆ ಮತ್ತೆ ಮಾಡಬೇಕು, ಹೊಸ ಹುದ್ದೆ ಹಳೆಯ ಕೆಲಸಕ್ಕೆ ಅಡ್ಡ ಬರುತ್ತದೆಯೇ ಎಂದೂ ನೋಡಬೇಕು.

4. ಹಣ ಕೊಡುವ ಮುಂಚೆ ಕಾಗದ ಸರಿಯಿದೆಯೇ ಎಂದಷ್ಟೇ ಅಲ್ಲ, ಅದು ಬಂದ ದಾರಿ ಸರಿಯಿದೆಯೇ ಎಂದೂ ಕೇಳಬೇಕು. ಅಯೋವಾದಲ್ಲಿ ಕಳ್ಳ ಸಿಕ್ಕಿಬಿದ್ದದ್ದು ಈ ಪ್ರಶ್ನೆಯಿಂದಲೇ.

5. ಹಳೆಯ ದಾಖಲೆಗಳನ್ನು ಆಗಾಗ ಒಟ್ಟಿಗೆ ಇಟ್ಟು ನೋಡಬೇಕು.

ನಮ್ಮ ದೇಶದಲ್ಲಿ 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರವೇ ಡ್ರಾ ನಡೆಸಬೇಕು, ಅದು ಆ ರಾಜ್ಯದೊಳಗೇ ನಡೆಯಬೇಕು, ಟಿಕೆಟ್ ಮೇಲೆ ರಾಜ್ಯದ ಗುರುತು ಇರಬೇಕು. ನೆರೆಯ ಕೇರಳದಲ್ಲಿ 1967ರಿಂದ ಲಾಟರಿ ಇಲಾಖೆ ಇದೆ. ನಮ್ಮ ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ಅದು ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ. ಆದರೆ ಲಾಟರಿ ಹೋದ ಮಾತ್ರಕ್ಕೆ ಇತರರ ಹಣ ನಮ್ಮ ಕೈಗೆ ಬರುವುದು ನಿಲ್ಲುವುದಿಲ್ಲ. ಇನ್ನು ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಕೆಲವರು ಬ್ಯಾಂಕ್‌ನಲ್ಲಿ, ಕೆಲವರು ಆಡಿಟರ್ ಕಚೇರಿಯಲ್ಲಿ, ಕೆಲವರು ಅಂಗಡಿಯ ಗಲ್ಲಾದ ಮುಂದೆ ಕುಳಿತಿರುತ್ತೇವೆ.

ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ನಮ್ಮ ಬಳಿ ಇಟ್ಟ ವಸ್ತು. ಕನ್ನಡ ಪತ್ರಿಕೆಗಳಲ್ಲಿ 'ಅಧಿಕಾರಿ ಅಮಾನತು' ಎಂದು ಓದಿದಾಗ ಚಿಕ್ಕವಯಸ್ಸಿನಲ್ಲಿ ನನಗೆ ಆಶ್ಚರ್ಯವಾಗುತ್ತಿತ್ತು. ಅದೇ ಮಾತು ಇಲ್ಲಿ ಕೆಲಸದಿಂದ ತಡೆಹಿಡಿಯುವುದಕ್ಕೆ ಬಳಕೆಯಾಗುತ್ತದೆ. ಮೊದಲನೆಯದನ್ನು ಕಾಪಾಡದವನಿಗೆ ಎರಡನೆಯದು ಕಾದಿರುತ್ತದೆ ಎಂದು ಈಗ ತಮಾಷೆಗೆ ಹೇಳಿಕೊಳ್ಳುತ್ತೇನೆ.

ನಮ್ಮಲ್ಲಿ ಲೆಕ್ಕ ಕೇಳಿದರೆ 'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂದು ಬೇಸರ ಮಾಡಿಕೊಳ್ಳುತ್ತಾರೆ. ಹಾಗಾಗಿ ಕೇಳುವವರೂ ಸಂಕೋಚದಿಂದ ಸುಮ್ಮನಾಗುತ್ತಾರೆ. ಅಯೋವಾದ ಆ ಕಚೇರಿಯಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದ್ದವರೂ ಇದ್ದರು. ಒಬ್ಬನ ತಪ್ಪಿನಿಂದ ಇಡೀ ಕಚೇರಿಯನ್ನೇ ಜನ ಸಂಶಯದಿಂದ ನೋಡುವಂತಾಯಿತು. ಅಲ್ಲಿ ಇನ್ನೊಬ್ಬರ ಸಹಿ, ಇನ್ನೊಬ್ಬರ ಕಣ್ಣು ಇದ್ದಿದ್ದರೆ ಆ ಪ್ರಾಮಾಣಿಕರ ಮಾನ ಉಳಿಯುತ್ತಿತ್ತು. ತಪಾಸಣೆ ಕಳ್ಳನನ್ನು ಹಿಡಿಯುವುದಕ್ಕಿಂತ ಮೊದಲು ಒಳ್ಳೆಯವನನ್ನು ರಕ್ಷಿಸುತ್ತದೆ. ಮುಂದಿನ ಸಲ ತರಗತಿಯ ಹಣ ನಿಮ್ಮ ಕೈಗೆ ಬಂದಾಗ ಯಾರೂ ಕೇಳುವ ಮುಂಚೆ ನೀವೇ ಇನ್ನೊಬ್ಬರನ್ನು ಕರೆದು ಎಣಿಸಲು ಹೇಳಿ.